ಶ್ರೀಮತಿ ಸ್ನೇಹಲತಾ ರೆಡ್ಡಿಯವರು

ಕಣಕಟ್ಟೆಯ ಸುತ್ತಮುತ್ತಲಿನ ಹಳ್ಳಿಗಳಿಂದ ಬಂದು ನಮ್ಮ ವಿದ್ಯಾರ್ಥಿನಿಲಯದಲ್ಲಿ ವಾಸಮಾಡುವ ಬಾಲಿಕೆಯರನ್ನು, ದಿನದ 24 ಗಂಟೆಗಳಲ್ಲಿ ನಿಮಗೆ ಅತ್ಯಂತ ಪ್ರಿಯವಾದುದು ಯಾವುದೆಂದು ಕೇಳಿದರೆ, ಸಾಯಂಕಾಲ ಪಾಠಗಳು ಮುಗಿದು ಬಯಲಿಗೆ ಬಿಡುವ ಆ ಒಂದು ಗಂಟೆಯೇ ಎಂದು ಒಕ್ಕೊರಲಿನಿಂದ ಹೇಳುವರು. ಮಳೆ ಹಿಡಿದು ಆ ಹೊತ್ತು ತಪ್ಪಿದ ದಿವಸ ಅವರ ಮುಖಗಳು ಬಾಡುವುದನ್ನು ನಾವು ಕಂಡಿದ್ದೇವೆ. ಬಯಲಿನ ಗಾಳಿ, ಮೇಲಿನ ಆಕಾಶ, ಜೊತೆಗಾತಿಯರ ಮಾತು, ಇವು ಅನ್ನನೀರುಗಳಂತೆಯೇ ಮನುಷ್ಯರಿಗೆ ಬೇಕಾದುವು. ಇವುಗಳನ್ನು ಕಳೆದುಕೊಂಡು ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಕಳೆದರೂ ಪರರ ದುಃಖವನ್ನು ಮರೆಯದಿದ್ದ ಓರ್ವ ಮಹಿಳೆಯ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ವಾಚಕರ ಮುಂದಿಡುತ್ತೇವೆ.

ಸ್ನೇಹಲತಾ ರೆಡ್ಡಿಯವರು 1932ನೆಯ ಇಸವಿಯಲ್ಲಿ ಆಂಧ್ರದೇಶದ ಒಂದು ಕುಟುಂಬದಲ್ಲಿ ಜನಿಸಿದರು. ಅವರ ಮನೆಯವರು ಎರಡು ತಲೆಗಳಿಂದ ಕ್ರೈಸ್ತಮತವನ್ನು ಅವಲಂಬಿಸಿದ್ದವರು. ಪರರಾಜ್ಯದ ಆಳಿಕೆಯನ್ನು ಬಾಲ್ಯದಿಂದಲೂ ಸಹಿಸದಿದ್ದ ಈಕೆಯು ವಿದೇಶೀಯ ರೀತಿಗಳನ್ನು ತೊರೆದು, ಹೆಸರಿನಲ್ಲಿಯೂ ಉಡಿಗೆಯಲ್ಲಿಯೂ ಸ್ವದೇಶೀಯರಾದರು. ತೆಲುಗಿನ ನವೀನ ಕವಿಗಳಲ್ಲೊಬ್ಬರಾದ ಪಟ್ಟಾಭಿರಾಮ ರೆಡ್ಡಿಯವರನ್ನು ವರಿಸಿದರು. ಒಬ್ಬ ಮಗಳನ್ನೂ ಒಬ್ಬ ಮಗನನ್ನೂ ಪಡೆದರು. ನಾಟಕಕಲೆಯಲ್ಲಿ ಅವರಿಗೆ ಅಪಾರವಾದ ಪ್ರೀತಿಯಿದ್ದಿತು. ಮದ್ರಾಸ್ ಪ್ಲೇಯರ್ಸ್ ಎಂಬ ನಾಟಕ ಮಂಡಲಿಯ ಸ್ಥಾಪಕರಲ್ಲಿ ಅವರೂ ಒಬ್ಬರು. ಅಲ್ಲಿ ಅಭಿನಯಿಸುವುದರೊಡನೆ ನಾಟಕಗಳನ್ನು ನಿರ್ದೇಶಿಸುತ್ತಲೂ ಇದ್ದರು.

ಕನ್ನಡಿಗರಿಗೆ ಅವರ ಪರಿಚಯವಾದುದು 1970ರ ಸಂಸ್ಕಾರ ಚಲನಚಿತ್ರದಿಂದ. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪತಿಯು ನಿರ್ಮಿಸಿ ನಿರ್ದೇಶಿಸಿದ ಆ ಚಿತ್ರದಲ್ಲಿ ಈಕೆಯು ಚಂದ್ರಿಯ ಪಾತ್ರವನ್ನು ವಹಿಸಿದರು. ಸಮಾಜವು ಹೊರಗಿಟ್ಟ ಹೆಣ್ಣೊಬ್ಬಳಲ್ಲಿ, ಅವಳನ್ನು ಹೊರಗಿಟ್ಟವರಲ್ಲಿ ಕಾಣದ ಮನುಷ್ಯತ್ವವನ್ನು ಆ ಅಭಿನಯವು ತೋರಿಸಿಕೊಟ್ಟಿತು. ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲವನ್ನು ಪಡೆದ ಮೊದಲನೆಯ ಕನ್ನಡ ಚಿತ್ರ ಅದೇ.

ದಂಪತಿಗಳಿಬ್ಬರೂ ಡಾಕ್ಟರ್ ರಾಮಮನೋಹರ ಲೋಹಿಯಾರವರ ಸಮತಾವಾದದಲ್ಲಿ ನಂಬಿಕೆಯಿಟ್ಟವರು. ಮಂಗಳೂರಿನಲ್ಲಿ ಹುಟ್ಟಿದ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸರ ಸ್ನೇಹಿತರು. 1975ನೆಯ ಜೂನ್ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿಯು ಘೋಷಿಸಲ್ಪಟ್ಟಿತು. ಆ ಕಾಲದ ರಾಜಕೀಯ ವಾದಗಳನ್ನು ಚರ್ಚಿಸುವುದು ಈ ಲೇಖನದ ಉದ್ದೇಶವಲ್ಲ. ವಿಚಾರಣೆಯಿಲ್ಲದೆ ಬಂಧಿತರಾದವರು ಬಿಡುಗಡೆಗಾಗಿ ನ್ಯಾಯಾಲಯದ ಮೊರೆಹೋಗಲಾರರೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತುದು 1976ನೆಯ ಏಪ್ರಿಲ್ 28ರಂದು ಎಂಬುದನ್ನು ಮಾತ್ರ ವಾಚಕರು ನೆನಪಿನಲ್ಲಿಡಬೇಕು. ಅದಾದ ನಾಲ್ಕನೆಯ ದಿವಸ, ಮೇ 2ರಂದು, ಸ್ನೇಹಲತಾರವರು ಬಂಧಿತರಾದರು. ಬರೋಡಾ ಡೈನಮೈಟ್ ಮೊಕದ್ದಮೆಯ ಸಂಬಂಧವಾಗಿ ಅವರನ್ನು ಹಿಡಿದರು. ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಬಿಡುಗಡೆಯಾಗಲಿಲ್ಲ. ಮೀಸಾ ಎಂಬ ಶಾಸನದ ಮೇರೆಗೆ ಎಂಟು ತಿಂಗಳು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಅವರನ್ನು ಇರಿಸಲಾಯಿತು.

ಅಲ್ಲಿ ಅವರನ್ನು ಒಂಟಿ ಕೊಠಡಿಯಲ್ಲಿ ಕೂಡಿದರು. ಅದು ಒಬ್ಬರಿಗೆ ಸಾಕಾಗುವಷ್ಟೇ ಇಕ್ಕಟ್ಟಾದುದು. ಒಂದು ಕಡೆ ಕಬ್ಬಿಣದ ಕಂಬಿಯ ಬಾಗಿಲು. ಮಲಗುವುದು ನೆಲದ ಮೇಲೆ. ಬಹುಕಾಲದಿಂದ ಉಬ್ಬಸರೋಗದಿಂದ ನರಳುತ್ತಿದ್ದ ಅವರಿಗೆ ಗಾಳಿಯೇ ಔಷಧವಾಗಿದ್ದಿತು; ಅಲ್ಲಿ ಅಳತೆಗೆ ಸಿಕ್ಕುವ ವಸ್ತುವೂ ಅದೇ ಆಯಿತು.

ಇಲ್ಲಿ ಶಾಸನದ ಮಾತನ್ನು ಸ್ವಲ್ಪ ಹೇಳಬೇಕಾಗಿದೆ. ಬಂದಿಗಳನ್ನು ರಾತ್ರಿ ಬೇರೆಬೇರೆಯಾಗಿ ಮಲಗಿಸಿದರೂ ಹಗಲಿನಲ್ಲಿ ಜೊತೆಗೂಡಿ ಕೆಲಸಮಾಡಗೊಡಿಸಬೇಕೆಂದು ಇಂಗ್ಲೆಂಡಿನಲ್ಲಿ ಎಲಿಜಬೆತ್ ಫ್ರೈ ಎಂಬ ಪುಣ್ಯವಂತೆಯು 1845ರಲ್ಲಿ ಮರಣಹೊಂದುವುದಕ್ಕೆ ಮೊದಲೇ ವಾದಿಸಿದ್ದರು. ನಮ್ಮ ದೇಶದ 1860ರ ದಂಡಸಂಹಿತೆಯು ಏಕಾಂತ ಸೆರೆಗೆ ಒಂದು ಮಿತಿಯನ್ನು ಗೊತ್ತುಮಾಡಿತು. ಅದರಂತೆ, ಅಪರಾಧಿಯ ಸಜೆಯು ಎಷ್ಟೇ ದೀರ್ಘವಾಗಿದ್ದರೂ ಏಕಾಂತವು ಒಟ್ಟಿನಲ್ಲಿ 3 ತಿಂಗಳನ್ನೂ, ಒಂದೇ ಸಲಕ್ಕೆ 14 ದಿವಸಗಳನ್ನೂ ಮೀರಕೂಡದು. ನಡುನಡುವೆ ಅಷ್ಟೇ ಕಾಲದ ಬಿಡುವಿರಬೇಕು. ಕೊಠಡಿಯಲ್ಲಿ ಒಂಟಿಯಾಗಿ ಒಂದು ದಿವಸಕ್ಕಿಂತ ಹೆಚ್ಚಾಗಿ ಇರಿಸಲ್ಪಟ್ಟವರನ್ನು ವೈದ್ಯನು ದಿನಕ್ಕೊಂದಾವರ್ತಿಯಾದರೂ ನೋಡಬೇಕೆಂದು 1894ರ ಬಂದೀಖಾನೆಗಳ ಶಾಸನವು ವಿಧಿಸಿತು. ಹೊರಗಿನ ಕೆಲಸವಿಲ್ಲದ ಪ್ರತಿಯೊಬ್ಬ ಬಂದಿಗೂ ದಿನಕ್ಕೆ 1 ಗಂಟೆಯಾದರೂ ಬಯಲಿನಲ್ಲಿ ವ್ಯಾಯಾಮವಿರಬೇಕೆಂದು 1955ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ನಿಯಮಗಳಾದುವು.

ಆದರೆ ದಂಡಸಂಹಿತೆಯ ಮಿತಿಯು ನ್ಯಾಯಾಲಯವು ಶಿಕ್ಷೆಯಾಗಿ ವಿಧಿಸಿದ ಏಕಾಂತಕ್ಕೆ ಸೇರಿದ್ದು. ಸ್ನೇಹಲತಾರವರಿಗೆ ಯಾವ ನ್ಯಾಯಾಲಯವೂ ಶಿಕ್ಷೆ ವಿಧಿಸಿರಲಿಲ್ಲವಾದುದರಿಂದ ಆ ಮಿತಿಯು ಅವರ ನೆರವಿಗೆ ಬರಲಿಲ್ಲ. ವಿಶ್ವಸಂಸ್ಥೆಯ ನಿಯಮವೋ ಬರಿಯ ಹಿತವಚನ. ಹೀಗೆ ಸಜೆ ಹೊಂದಿದ ಕಳ್ಳನಿಗೆ ದೊರೆತಿದ್ದ ರಕ್ಷೆಯು ಯಾವ ಅಪರಾಧವೂ ಸಿದ್ಧವಾಗದಿದ್ದ ಈಕೆಗೆ ದೊರೆಯದೆ ಹೋಯಿತು. ಬಾಗಿಲು ಎಷ್ಟು ಹೊತ್ತು ತೆರೆಯಬೇಕೆಂಬುದು ಅಧಿಕಾರಿಗಳ ಮನಸ್ಸಿಗೆ ಬಿಟ್ಟ ವಿಷಯವಾಯಿತು.

ಇಂತಹ ಸ್ಥಿತಿಯಲ್ಲಿ ಈಕೆಯು ಮಾಡಿದ ಕಾರ್ಯವೇ ನಮ್ಮ ಬಾಲಿಕೆಯರು ಮುಖ್ಯವಾಗಿ ತಿಳಿಯತಕ್ಕದ್ದು. ಅದೇ ಸೆರೆಮನೆಯಲ್ಲಿ ಬಡ ಹೆಂಗಸರು ಅನೇಕರಿದ್ದರು. ಅವರನ್ನು ಹೊಡೆಯುವುದು ಅಲ್ಲಿ ವಾಡಿಕೆಯಾಗಿದ್ದಿತು. ಸ್ನೇಹಲತಾರವರು ಅದನ್ನು ಎದುರಿಸಿ ಆ ಹೊಡೆತವನ್ನು ನಿಲ್ಲಿಸಿದರು. ಆಹಾರವು ಮನುಷ್ಯರು ತಿನ್ನುವಂತಹುದಲ್ಲವೆಂದು ಉಪವಾಸ ಹಿಡಿದು ಅದನ್ನು ಉತ್ತಮಪಡಿಸಿದರು. ಉಸಿರಾಡುವುದೇ ಕಷ್ಟವಾಗಿದ್ದಾಗಲೂ ತಮ್ಮ ಅನುಭವಗಳನ್ನು ದಿನಚರಿಯಲ್ಲಿ ಬರೆದಿಟ್ಟರು. ರಾತ್ರಿಯ ನಿಶ್ಶಬ್ದದಲ್ಲಿ ಅವರ ಕೂಗು ತಮಗೆ ಕೇಳಿಸುತ್ತಿತ್ತೆಂದು, ಅದೇ ಕಾರಾಗೃಹದಲ್ಲಿದ್ದ ಮಧು ದಂಡವತೆಯವರು ಮುಂದೆ ಸ್ಮರಿಸಿದ್ದಾರೆ.

ದೇಹವು ದಿನೇದಿನೇ ಕುಗ್ಗಿತು. ಇನ್ನು ಇರಿಸಿಕೊಳ್ಳುವಂತಿಲ್ಲವೆಂಬ ಸ್ಥಿತಿಗೆ ಬಂದಾಗ, 1977ನೆಯ ಜನವರಿ 15ರಂದು, ಅವರನ್ನು ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಚುನಾವಣೆ ನಡೆಯುವುದೆಂದು ಪ್ರಧಾನಮಂತ್ರಿಗಳು ಜನವರಿ 18ರಂದು ಪ್ರಕಟಿಸಿದರು. ದೇಶದ ಬಾಗಿಲು ತೆರೆಯುತ್ತಿದ್ದಿತು. ಸ್ನೇಹಲತಾರವರು ಜನವರಿ 20ರಂದು ತೀರಿಕೊಂಡರು. ಅವರಿಗೆ ಇನ್ನೂ ಐವತ್ತು ವರ್ಷ ತುಂಬಿರಲಿಲ್ಲ. ದಿನಚರಿಯು ಆ ವರ್ಷವೇ ಅಚ್ಚಾಯಿತು.

ಮರು ವರ್ಷ, 1978ರಲ್ಲಿ, ದೆಹಲಿಯ ತಿಹಾರ್ ಸೆರೆಮನೆಯ ಬಂದಿಯಾದ ಸುನಿಲ್ ಬಾತ್ರಾ ಎಂಬುವನ ಮೊಕದ್ದಮೆಯಲ್ಲಿ, ಮರಣದಂಡನೆಗೆ ಗುರಿಯಾದವನನ್ನು ಸಹ ಸೆರೆಮನೆಯ ಅಧಿಕಾರಿಗಳು ತಮ್ಮಷ್ಟಕ್ಕೆ ತಾವೇ ಏಕಾಂತಕ್ಕೆ ತಳ್ಳಕೂಡದೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಆದರೂ ನಮ್ಮ ನಾಡಿನ ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿ ಅಂತಹ ಬಂದಿಯೊಬ್ಬನು 2006ರಿಂದ ವರ್ಷಗಟ್ಟಲೆ ಏಕಾಂತದಲ್ಲಿದ್ದನು. 2022ನೆಯ ನವೆಂಬರಿನಲ್ಲಿ ಅದೇ ನ್ಯಾಯಾಲಯವು ಇದು ಶಾಸನಸಮ್ಮತವಲ್ಲವೆಂದು ನಿರ್ಣಯಿಸಿ, ಅವನ ಮರಣದಂಡನೆಯನ್ನು ಕನಿಷ್ಠ 30 ವರ್ಷಗಳ ಸೆರೆಯಾಗಿ ಮಾರ್ಪಡಿಸಿತು. ಆತನ ಅಪರಾಧವು ಘೋರವಾದುದು, ಅದನ್ನು ನಾವು ಹಗುರಾಗಿ ಎಣಿಸುವುದಿಲ್ಲ. ಆದರೆ ಒಳ್ಳೆಯವರಿಗೆ ಮಾತ್ರ ಸಲ್ಲುವ ನಿಯಮವು ನಿಯಮವೇ ಅಲ್ಲ. ಅದು ಬರಿಯ ದಾಕ್ಷಿಣ್ಯ. 2015ರಲ್ಲಿ ವಿಶ್ವಸಂಸ್ಥೆಯು ತನ್ನ ನಿಯಮಗಳನ್ನು ತಿದ್ದಿ, ಜನಸಂಪರ್ಕವಿಲ್ಲದೆ ದಿನಕ್ಕೆ 22 ಗಂಟೆ ಅಥವಾ ಹೆಚ್ಚು ಕಾಲ ಕೂಡಿಹಾಕುವುದೇ ಏಕಾಂತ ಸೆರೆಯೆಂದೂ, ಅದು ಒಂದೇ ಸಮನೆ 15 ದಿವಸಗಳನ್ನು ಮೀರಲೇಕೂಡದೆಂದೂ ಸ್ಪಷ್ಟಪಡಿಸಿತು. ನಮ್ಮಲ್ಲಿ 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಹಳೆಯ ದಂಡಸಂಹಿತೆಯ 14 ದಿವಸಗಳ ಮಿತಿಯನ್ನು ಉಳಿಸಿಕೊಂಡಿದೆ.

ಗಂಟೆಗಳನ್ನೂ ದಿವಸಗಳನ್ನೂ ಹೀಗೆ ಎಣಿಸಿ ಬರೆಯುವುದೇಕೆ, ಕರುಣೆಯುಳ್ಳ ಅಧಿಕಾರಿಯಿದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ಇದಕ್ಕೆ ನಮ್ಮದೇ ತಪ್ಪೊಂದನ್ನು ಉತ್ತರವಾಗಿ ಹೇಳುತ್ತೇವೆ. ನಾವು ಹೊಸದಾಗಿ ಅಧ್ಯಾಪಕಿಯಾಗಿ ಬೇರೊಂದು ಊರಿನಲ್ಲಿದ್ದಾಗ, ಪಾಠ ಒಪ್ಪಿಸದ ಒಬ್ಬ ಹುಡುಗಿಯನ್ನು ಆಟದ ಹೊತ್ತಿನಲ್ಲಿ ತರಗತಿಯೊಳಗೆ ಕೂರಿಸಿ, ಬಾಗಿಲು ಹಾಕಿ ಬಂದೆವು. ಕಾಲು ಗಂಟೆಯಲ್ಲಿ ಬಿಡಬೇಕೆಂದಿದ್ದೆವು. ಬೇರೆ ಕೆಲಸ ಬಂದು ಮರೆತೆವು. ದೀಪ ಹಚ್ಚುವ ಹೊತ್ತಿಗೆ ನೆನಪಾಗಿ ಓಡಿಹೋದಾಗ ಆ ಮಗು ಅಳುವುದನ್ನು ಸಹ ನಿಲ್ಲಿಸಿ ಗೋಡೆಗೆ ಒರಗಿ ಕುಳಿತಿದ್ದಳು. ನಮ್ಮಲ್ಲಿ ಕ್ರೌರ್ಯವಿರಲಿಲ್ಲ, ಮರೆವು ಇದ್ದಿತು. ಒಳಗಿದ್ದವಳಿಗೆ ಎರಡರ ಭೇದವೂ ತಿಳಿಯುವಂತಿರಲಿಲ್ಲ.

ಆದಕಾರಣವೇ ನಮ್ಮ ಶಾಲೆಯಲ್ಲಿ ಸಾಯಂಕಾಲದ ಆ ಗಂಟೆಯನ್ನು ಯಾವ ತಪ್ಪಿಗೂ ಶಿಕ್ಷೆಯಾಗಿ ಕಿತ್ತುಕೊಳ್ಳಕೂಡದೆಂಬ ನಿಯಮವನ್ನು ಬರೆದು ಗೋಡೆಗೆ ತೂಗುಹಾಕಿದ್ದೇವೆ. ಐದನೆಯ ತರಗತಿಯ ಹುಡುಗಿಯೂ ಅದನ್ನು ಓದಿ ನಮಗೆ ತೋರಿಸಬಲ್ಲಳು. ಬೆಂಗಳೂರಿನ ಆ ಹಳೆಯ ಕಾರಾಗೃಹವು 2008ರಿಂದ ಫ್ರೀಡಂ ಪಾರ್ಕ್ ಎಂಬ ಸಾರ್ವಜನಿಕ ಉದ್ಯಾನವಾಗಿದೆ. ಪ್ರವಾಸಕ್ಕೆ ಹೋದಾಗ ನಮ್ಮ ಬಾಲಿಕೆಯರು ಅಲ್ಲಿ ಸ್ವಲ್ಪ ಹೊತ್ತು ನಿಂತು, ಶ್ರೀಮತಿ ಸ್ನೇಹಲತಾ ರೆಡ್ಡಿಯವರ ಹೆಸರನ್ನು ನೆನೆದು, ಬಳಿಕ ಬಯಲಿನಲ್ಲಿ ಮನಸ್ವಿಯಾಗಿ ಆಡಲಿ ಎಂದು ಹಾರೈಸುತ್ತೇವೆ.