ಸರ್ ಎಂ.ವಿ. ಕಂಡ ಕಾರು: ಬೀಳದೇ ಹೋದ ಒಪ್ಪಿಗೆಯ ಮುದ್ರೆ

ದೇವನಹಳ್ಳಿ: ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು ದೇವನಹಳ್ಳಿಯನ್ನು ದಾಟಿ ಮುಂದೆ ಸಾಗಿದರೆ ನಂದಿ ಬೆಟ್ಟದ ಸಾಲು ಕಣ್ಣಿಗೆ ಬೀಳುತ್ತದೆ. ಆ ಬೆಟ್ಟಗಳ ಮಡಿಲಲ್ಲಿರುವ ಮುದ್ದೇನಹಳ್ಳಿಗೆ ವಾರಾಂತ್ಯದಲ್ಲಿ ನೂರಾರು ಕಾರುಗಳು ಬರುತ್ತವೆ. ಬಂದವರು ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯನ್ನು ನೋಡುತ್ತಾರೆ, ಅವರ ಸಮಾಧಿಗೆ ಕೈಮುಗಿಯುತ್ತಾರೆ, ಕನ್ನಂಬಾಡಿ ಕಟ್ಟೆಯನ್ನು ನೆನೆಯುತ್ತಾರೆ. ಆದರೆ ತಾವು ಇಳಿದು ಬಂದ ವಾಹನಕ್ಕೂ ಈ ಮಹನೀಯರಿಗೂ ಒಂದು ಹಳೆಯ ನಂಟಿದೆ ಎಂಬುದು ಅವರಲ್ಲಿ ಬಹುಪಾಲು ಜನರಿಗೆ ತಿಳಿದಿರುವುದಿಲ್ಲ.

ಭಾರತದ ನೆಲದಲ್ಲಿ ಭಾರತೀಯರೇ ಕಾರು ತಯಾರಿಸಬೇಕೆಂದು ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಹೋರಾಟಕ್ಕಿಳಿದರು. ಯೋಜನೆ ಸಿದ್ಧವಾಯಿತು. ಬಂಡವಾಳ ಹೂಡುವವರು ಮುಂದೆ ಬಂದರು. ವಿದೇಶಿ ಸಂಸ್ಥೆಯೊಂದು ತಾಂತ್ರಿಕ ನೆರವು ನೀಡಲು ಒಪ್ಪಿತು. ಇಷ್ಟಾದರೂ ದೆಹಲಿಯಿಂದ ಬೀಳಬೇಕಿದ್ದ ಒಂದು ಮುದ್ರೆ ಬೀಳಲಿಲ್ಲ. ಅಣೆಕಟ್ಟೆಗಳ ಕಥೆಯ ನೆರಳಿನಲ್ಲಿ ಮರೆಯಾಗಿರುವ ಈ ಅಧ್ಯಾಯವು ಅವರ ಬದುಕಿನ ಬೇರೊಂದು ಮುಖವನ್ನು ತೋರಿಸುತ್ತದೆ.

ಬೆಟ್ಟದ ಬುಡದಿಂದ ದಿವಾನಗಿರಿಗೆ

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು. ತಾಯಿ ವೆಂಕಟಲಕ್ಷ್ಮಮ್ಮ. ಚಿಕ್ಕಬಳ್ಳಾಪುರದಲ್ಲಿ ಮೊದಲ ಪಾಠವಾಯಿತು. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿ ಓದು ಮುಂದುವರಿಸಿದ. ಮನೆಪಾಠ ಹೇಳಿ ಖರ್ಚು ತೂಗಿಸಿಕೊಳ್ಳುತ್ತ 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದದ್ದಾಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಬಲದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಮುಂದಿನದು ನಾಡಿಗೆ ತಿಳಿದ ಕಥೆ. 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳು ಬಂದವು. 1908ರಲ್ಲಿ ಮೂಸಿ ನದಿಯ ಪ್ರವಾಹದಿಂದ ತತ್ತರಿಸಿದ ಹೈದರಾಬಾದಿಗೆ ನೆರೆ ತಡೆಯುವ ಯೋಜನೆ ರೂಪುಗೊಂಡಿತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಹುದ್ದೆ, 1911ರಲ್ಲಿ ಕೃಷ್ಣರಾಜಸಾಗರದ ಕೆಲಸದ ಆರಂಭ, 1912ರಿಂದ 1918ರವರೆಗೆ ದಿವಾನಗಿರಿ. ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಎಲ್ಲವೂ ಈ ಆರು ವರ್ಷಗಳ ಫಲ.

ದಿವಾನಗಿರಿ ಬಿಟ್ಟ ಮೇಲೆ ಅವರು ವಿಶ್ರಾಂತಿ ಬಯಸಲಿಲ್ಲ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆರಂಭದಲ್ಲೇ ನಷ್ಟದ ಸುಳಿಗೆ ಸಿಕ್ಕಿದಾಗ ಅದರ ಆಡಳಿತದ ಹೊಣೆಯನ್ನು ಹೊತ್ತರು. ಅಲ್ಲಿನ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಹಣವನ್ನು ಯುವಕರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ಬಳಸುವಂತೆ ಸೂಚಿಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನ ಹಿಂದೆ ಇರುವುದು ಈ ಆಶಯವೇ. ಯಂತ್ರ ತರಿಸಿಕೊಂಡರೆ ಸಾಲದು, ಯಂತ್ರ ಮಾಡಬಲ್ಲ ಕೈಗಳು ಬೇಕು ಎಂಬ ಪಾಠವನ್ನು ಭದ್ರಾವತಿ ಅವರಿಗೆ ಕಲಿಸಿತ್ತು.

ಪೆಟ್ಟಿಗೆಯಲ್ಲಿ ಬರುತ್ತಿದ್ದ ಕಾರು

ಅಂದಿನ ಭಾರತದಲ್ಲಿ ಕಾರುಗಳಿರಲಿಲ್ಲವೆಂದಲ್ಲ. 1928ರಲ್ಲೇ ಜನರಲ್ ಮೋಟರ್ಸ್ ಸಂಸ್ಥೆ ಮುಂಬಯಿಯ ಸೆವ್ರಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆದಿತ್ತು. ಫೋರ್ಡ್ ಸಂಸ್ಥೆಯೂ ಅದೇ ಹಾದಿ ಹಿಡಿಯಿತು. ಎಂಜಿನ್, ಗೇರ್‌ಪೆಟ್ಟಿಗೆ, ಅಚ್ಚು, ಬಾಗಿಲು ಎಲ್ಲವೂ ಮರದ ಪೆಟ್ಟಿಗೆಗಳಲ್ಲಿ ಹಡಗೇರಿ ಬರುತ್ತಿದ್ದವು. ಇಲ್ಲಿನ ಕೆಲಸಗಾರರು ಬೋಲ್ಟು, ನಟ್ಟು ಬಿಗಿದು, ಬಣ್ಣ ಬಳಿದು ಹೊರಗೆ ಕಳುಹಿಸುತ್ತಿದ್ದರು. ಕಾರು ಇಲ್ಲಿಂದಲೇ ಹೊರಟರೂ ಅದರ ವಿದ್ಯೆ ಮಾತ್ರ ಹಡಗಿನಿಂದ ಇಳಿಯುತ್ತಿರಲಿಲ್ಲ.

ವಿಶ್ವೇಶ್ವರಯ್ಯನವರಿಗೆ ಕೊರತೆ ಕಂಡದ್ದು ಇಲ್ಲಿಯೇ. ಜೋಡಣೆಗೂ ತಯಾರಿಕೆಗೂ ಇರುವ ಅಂತರವನ್ನು ಅವರು ಬಲ್ಲರು. ಎಂಜಿನ್ನಿನ ಎರಕ, ಕ್ರ್ಯಾಂಕ್‌ಶಾಫ್ಟಿನ ಬಡಿತ, ಗೇರ್ ಹಲ್ಲುಗಳ ಕೊರೆತ ಇವೆಲ್ಲ ದೇಶದೊಳಗೆ ನಡೆದರೆ ಉಕ್ಕು, ರಬ್ಬರು, ಗಾಜು, ಬಣ್ಣ, ಬ್ಯಾಟರಿ ಉದ್ಯಮಗಳು ಅದರ ಬೆನ್ನಿಗೇ ಬೆಳೆಯುತ್ತವೆ. ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ವಾದಿಸುವ ಅವರ ಗ್ರಂಥ 1934ರಲ್ಲಿ ಹೊರಬಂದಿತು. ಮೋಟಾರು ಉದ್ಯಮದ ಚಿಂತನೆ ಆ ವಾದದ ಮುಂದುವರಿಕೆಯಾಗಿತ್ತು.

1935ರಲ್ಲಿ ಅವರು ಮತ್ತೆ ವಿದೇಶ ಪ್ರವಾಸ ಹೊರಟರು. ಯುರೋಪು ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ಸುತ್ತಿ, ಯಂತ್ರಗಳನ್ನೂ ಲೆಕ್ಕಪತ್ರಗಳನ್ನೂ ನೋಡಿದರು. ಹಿಂದಿರುಗಿದ ಮೇಲೆ ಮುಂಬಯಿಯಲ್ಲಿ ಮೋಟಾರು ಕಾರ್ಖಾನೆ ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಈ ಕೆಲಸದಲ್ಲಿ ಅವರಿಗೆ ಜೊತೆಯಾದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಹಡಗು, ವಿಮಾನ, ಕಾರು ಮೂರನ್ನೂ ಭಾರತೀಯರೇ ಕಟ್ಟಬೇಕೆಂಬ ಛಲ ವಾಲ್‌ಚಂದರದು. ಒಬ್ಬರಲ್ಲಿ ಯೋಜನೆಯ ಶಿಸ್ತಿತ್ತು, ಇನ್ನೊಬ್ಬರಲ್ಲಿ ಬಂಡವಾಳದ ಧೈರ್ಯವಿತ್ತು.

ಮುಚ್ಚಿದ ಬಾಗಿಲುಗಳು

1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಬಿ.ಜಿ. ಖೇರರ ನೇತೃತ್ವದ ಕಾಂಗ್ರೆಸ್ ಸರ್ಕಾರ ಅಧಿಕಾರಕ್ಕೆ ಬಂದಾಗ ಆಸೆ ಚಿಗುರಿತು. ಹೂಡಿಕೆದಾರರ ಬಂಡವಾಳಕ್ಕೆ ಬಡ್ಡಿಯ ಖಾತರಿ ನೀಡುವ ವಿಚಾರದಲ್ಲಿ ಆ ಸರ್ಕಾರ ಅನುಕೂಲಕರವಾಗಿತ್ತು. ಆದರೆ ಭಾರತವನ್ನು ಕೇಳದೆಯೇ ಯುದ್ಧಕ್ಕೆ ಎಳೆದದ್ದನ್ನು ಪ್ರತಿಭಟಿಸಿ 1939ರ ಕೊನೆಯಲ್ಲಿ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು. ಮುಂಬಯಿಯ ಬಾಗಿಲು ಹೀಗೆ ಮುಚ್ಚಿತು.

ತಾಂತ್ರಿಕ ನೆರವಿಗಾಗಿ ವಾಲ್‌ಚಂದರು ಫೋರ್ಡ್ ಸಂಸ್ಥೆಯೊಂದಿಗೆ ನಡೆಸಿದ ಮಾತುಕತೆ ಫಲಿಸಲಿಲ್ಲ. ಬಳಿಕ ಕ್ರೈಸ್ಲರ್ ಸಂಸ್ಥೆ ಒಪ್ಪಿತು. ಈಗ ಬೇಕಿದ್ದುದು ನೆಲ ಮತ್ತು ಸರ್ಕಾರದ ಬೆಂಬಲ. ವಿಶ್ವೇಶ್ವರಯ್ಯನವರ ಕಣ್ಣು ಸಹಜವಾಗಿಯೇ ತವರಿನತ್ತ ಹೊರಳಿತು. ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಬ್ಬಿಣ, ಬೆಂಗಳೂರಿನ ತಂತ್ರಜ್ಞರು ಇವೆಲ್ಲ ಮೈಸೂರು ಸಂಸ್ಥಾನದಲ್ಲಿ ಮೊದಲೇ ಇದ್ದವು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮೈಸೂರಿನೊಂದಿಗೆ ಮಾತುಕತೆ ನಡೆಯಿತು. ಆದರೆ ಬ್ರಿಟಿಷರ ಕೈಯಲ್ಲಿದ್ದ ಭಾರತ ಸರ್ಕಾರ ಸಮ್ಮತಿಸಲಿಲ್ಲ. ಸಂಸ್ಥಾನವು ಹಿಂದೆ ಸರಿಯಬೇಕಾಯಿತು.

ಯುದ್ಧಕಾಲದಲ್ಲಿ ಕಾರು ಅಗತ್ಯವಸ್ತುವಲ್ಲ, ಯಂತ್ರ ತರಿಸಲು ವಿದೇಶಿ ವಿನಿಮಯವೂ ಹಡಗುಗಳೂ ಇಲ್ಲ ಎಂಬುದು ಸರ್ಕಾರದ ನಿಲುವಾಗಿತ್ತು. ಆದರೆ ಅದೇ ಕಾಲದಲ್ಲಿ ಸೇನೆಗೆ ಬೇಕಾದ ಲಾರಿಗಳು ಕೆನಡಾ ಮೊದಲಾದ ದೇಶಗಳಿಂದ ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ಬೆಂಗಳೂರಿನಲ್ಲೇ ಇನ್ನೊಂದು ವೈಚಿತ್ರ್ಯವೂ ನಡೆಯಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದರ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಇಲ್ಲಿ ಜನ್ಮತಾಳಿತು. ಮೈಸೂರು ಸರ್ಕಾರ ಜಮೀನು ನೀಡಿದ್ದಲ್ಲದೆ 25 ಲಕ್ಷ ರೂಪಾಯಿ ಹೂಡಿತು. 1941ರ ಆಗಸ್ಟ್ ವೇಳೆಗೆ ಅಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಆಕಾಶಕ್ಕೇರಿತ್ತು. ಒಬ್ಬನೇ ಉದ್ಯಮಿ, ಒಂದೇ ಸಂಸ್ಥಾನ. ವಿಮಾನಕ್ಕೆ ಸಿಕ್ಕ ಒಪ್ಪಿಗೆ ಕಾರಿಗೆ ಸಿಗಲಿಲ್ಲ. ವಿಮಾನ ಯುದ್ಧಕ್ಕೆ ಬೇಕಿತ್ತು, ಕಾರು ಭಾರತೀಯರಿಗೆ ಬೇಕಿತ್ತು. ವ್ಯತ್ಯಾಸ ಇಷ್ಟೇ.

ಸೋಲಿನ ನಂತರ

ಎಂಬತ್ತರ ಅಂಚಿನಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ಇದು ಸಣ್ಣ ಪೆಟ್ಟಾಗಿರಲಿಕ್ಕಿಲ್ಲ. ಹಾಗೆಂದು ಅವರು ಕೈಚೆಲ್ಲಿ ಕೂರಲಿಲ್ಲ. ಒಬ್ಬೊಬ್ಬರಾಗಿ ಸರ್ಕಾರದ ಬಾಗಿಲು ತಟ್ಟುವ ಬದಲು ಉದ್ಯಮಿಗಳು ಒಂದಾಗಬೇಕೆಂದು 1941ರಲ್ಲಿ ಅಖಿಲ ಭಾರತ ತಯಾರಕರ ಸಂಘಟನೆಯನ್ನು ಕಟ್ಟಿದರು. 1946ರಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ, ಆ ಸಂಘಟನೆಯ ನಿಯೋಗದ ಮುಂದಾಳಾಗಿ ಅಮೆರಿಕ ಮತ್ತು ಇಂಗ್ಲೆಂಡಿನ ಕಾರ್ಖಾನೆಗಳನ್ನು ಮತ್ತೊಮ್ಮೆ ಸುತ್ತಿ ಬಂದರು.

ಕಾರಿನ ಕನಸೂ ಪೂರ್ತಿ ಸಾಯಲಿಲ್ಲ. ಅದು ಊರು ಬದಲಿಸಿತು, ಅಷ್ಟೇ. ವಾಲ್‌ಚಂದರು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಹುಟ್ಟುಹಾಕಿದರು. ಮುಂಬಯಿಯ ಕುರ್ಲಾದ ಅದರ ಕಾರ್ಖಾನೆಯಿಂದ 1947ರಲ್ಲಿ ವಾಹನಗಳು ಹೊರಬಂದವು. ಅಷ್ಟರಲ್ಲಿ 1942ರಲ್ಲಿ ಬಿರ್ಲಾ ಅವರ ಹಿಂದೂಸ್ತಾನ್ ಮೋಟರ್ಸ್ ಕೂಡ ಸ್ಥಾಪನೆಯಾಗಿತ್ತು. ಸ್ವತಂತ್ರ ಭಾರತ 1949ರಲ್ಲಿ ಪೂರ್ಣ ಸಿದ್ಧವಾದ ಕಾರುಗಳ ಆಮದನ್ನು ತಡೆಯಿತು. 1953ರಲ್ಲಿ ಸುಂಕ ಆಯೋಗವು, ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸುವ ಕಾರ್ಯಕ್ರಮವಿಲ್ಲದ ಜೋಡಣೆ ಘಟಕಗಳಿಗೆ ಅವಕಾಶ ಬೇಡವೆಂದಿತು. ಜನರಲ್ ಮೋಟರ್ಸ್, ಫೋರ್ಡ್ ಸಂಸ್ಥೆಗಳು ಆಗ ಭಾರತದಿಂದ ಕಾಲ್ತೆಗೆದವು. ಜೋಡಣೆ ಬೇರೆ, ತಯಾರಿಕೆ ಬೇರೆ ಎಂಬ ವಾದ ಇಪ್ಪತ್ತು ವರ್ಷ ತಡವಾಗಿ ಸರ್ಕಾರದ ನೀತಿಯಾಯಿತು.

ಆ ನೀತಿಗೆ ಇನ್ನೊಂದು ಮುಖವೂ ಇತ್ತೆನ್ನಬೇಕು. ರಕ್ಷಣೆಯ ಗೋಡೆಯೊಳಗೆ ದಶಕಗಳ ಕಾಲ ಎರಡು ಮೂರು ಮಾದರಿಯ ಕಾರುಗಳಷ್ಟೇ ಓಡಾಡಿದವು. ಕೊಳ್ಳುವವರು ಹಣ ಕಟ್ಟಿ ವರ್ಷಗಟ್ಟಲೆ ಕಾದರು. ಪೈಪೋಟಿಯಿಲ್ಲದೆ ಗುಣಮಟ್ಟ ಏರಲಿಲ್ಲ. ಜಗತ್ತಿನ ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಅವುಗಳ ಸಮಕ್ಕೆ ನಿಲ್ಲಬೇಕೆಂದು ಬಯಸಿದವರ ಆಶಯ ಅಲ್ಲಿ ಅರ್ಧವಷ್ಟೇ ಈಡೇರಿತು.

1955ರಲ್ಲಿ ವಿಶ್ವೇಶ್ವರಯ್ಯನವರಿಗೆ ಭಾರತರತ್ನ ಸಂದಿತು. 1962ರ ಏಪ್ರಿಲಿನಲ್ಲಿ, ನೂರರ ಗಡಿ ದಾಟಿ, ಬೆಂಗಳೂರಿನಲ್ಲಿ ಅವರು ಕೊನೆಯುಸಿರೆಳೆದರು. ಹುಟ್ಟಿದೂರು ಮುದ್ದೇನಹಳ್ಳಿಯೇ ಅವರ ಕೊನೆಯ ನೆಲೆಯೂ ಆಯಿತು.

ಇಂದಿನ ಬ್ರೇಕ್ ಇನ್‌ಸ್ಪೆಕ್ಟರು, ಅಂದಿನ ಪ್ರಶ್ನೆ

ಕಾರೊಂದು ರಸ್ತೆಗಿಳಿಯಲು ಒಪ್ಪಿಗೆ ಬೇಕೆಂಬುದು ಇಂದಿಗೂ ಬದಲಾಗಿಲ್ಲ. ಆದರೆ ಒಪ್ಪಿಗೆಯ ಅರ್ಥ ಬದಲಾಗಿದೆ. ದೊಡ್ಡಬಳ್ಳಾಪುರದ ಶೆಡ್ಡಿನಲ್ಲೋ ನೆಲಮಂಗಲದ ಗ್ಯಾರೇಜಿನಲ್ಲೋ ಯುವಕನೊಬ್ಬ ಹಳೆಯ ಎಂಜಿನ್ ಹೊಂದಿಸಿ, ಕೊಳವೆ ಬೆಸೆದು ಸ್ವಂತ ಕಾರು ಕಟ್ಟಿದನೆನ್ನಿ. ಅದನ್ನು ನೇರವಾಗಿ ಆರ್‌ಟಿಒ ಕಚೇರಿಗೆ ಓಡಿಸಿಕೊಂಡು ಹೋಗಿ ನಂಬರ್ ಪಡೆಯಲಾಗದು. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 126ನೇ ನಿಯಮದಂತೆ ವಾಹನದ ಮೂಲಮಾದರಿಯನ್ನು ಪುಣೆಯ ಎಆರ್‌ಎಐನಂತಹ ಮಾನ್ಯತೆ ಪಡೆದ ಸಂಸ್ಥೆಯ ಪರೀಕ್ಷೆಗೆ ಒಡ್ಡಬೇಕು. ಬ್ರೇಕು, ಸ್ಟೀರಿಂಗ್, ದೀಪ, ಹೊಗೆ, ಶಬ್ದ ಒಂದೊಂದಕ್ಕೂ ಪರೀಕ್ಷೆಯಿದೆ. ಸಾವಿರಾರು ಕಾರು ತಯಾರಿಸುವ ಕಂಪೆನಿಗೆ ಈ ಖರ್ಚು ಹೊರೆಯಲ್ಲ. ಒಂದೇ ಒಂದು ಕಾರು ಕಟ್ಟಿದವನಿಗೆ ಅದು ಕಾರಿನ ಬೆಲೆಯನ್ನೇ ಮೀರಬಹುದು.

ಇದ್ದ ಕಾರನ್ನೇ ಬದಲಿಸುತ್ತೇವೆಂದರೆ 52ನೇ ಸೆಕ್ಷನ್ ಅಡ್ಡ ಬರುತ್ತದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಬ್ರಿಟನ್ನಿನಲ್ಲಾದರೆ ಮನೆಯಲ್ಲಿ ಒಂದೇ ಕಾರು ಕಟ್ಟಿದವರಿಗೂ ಪರೀಕ್ಷೆ ಎದುರಿಸಲು ಪ್ರತ್ಯೇಕ ವ್ಯವಸ್ಥೆಯಿದೆ. ಅಲ್ಲಿ ಪರೀಕ್ಷೆ ಸಡಿಲವೆಂದಲ್ಲ, ಪರೀಕ್ಷೆಯ ಕೊಠಡಿಗೆ ಹೋಗುವ ದಾರಿ ತೆರೆದಿದೆ.

ಎರಡು ಕಾಲದ ಒಪ್ಪಿಗೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಇಂದಿನ ಪರೀಕ್ಷೆಯಲ್ಲಿ ಅಧಿಕಾರಿ ಕೇಳುವುದು ಈ ವಾಹನ ಸುರಕ್ಷಿತವೇ ಎಂದು. ರಸ್ತೆಯಲ್ಲಿ ನಡೆಯುವ ಪ್ರತಿಯೊಬ್ಬರ ಜೀವ ಆ ಪ್ರಶ್ನೆಯಲ್ಲಿ ಅಡಗಿದೆ. ಅಂದು ವಿಶ್ವೇಶ್ವರಯ್ಯನವರ ಯೋಜನೆಗೆ ಎದುರಾದದ್ದು ಬೇರೆಯೇ ಪ್ರಶ್ನೆ: ಭಾರತೀಯರು ಕಾರು ತಯಾರಿಸಬೇಕೇ ಎಂಬುದು. ಅವರ ಕಾರು ಪರೀಕ್ಷೆಯಲ್ಲಿ ಅನುತ್ತೀರ್ಣವಾಗಲಿಲ್ಲ. ಅದಕ್ಕೆ ಪರೀಕ್ಷೆಗೆ ಕೂರುವ ಅವಕಾಶವೇ ದೊರೆಯಲಿಲ್ಲ.

ಅವರ ಮರಣಾನಂತರ ಕಾರು ಬೆಂಗಳೂರಿಗೆ ಬೇರೆ ಬೇರೆ ದಾರಿಗಳಲ್ಲಿ ಬಂದಿತು. 1980ರ ದಶಕದಲ್ಲಿ ಸಿಪಾನಿ ಸಂಸ್ಥೆಯ ಫೈಬರ್ ಮೈಯ ಡಾಲ್ಫಿನ್ ಕಾರು ಇಲ್ಲಿಂದ ಹೊರಟಿತು. 1998ರಲ್ಲಿ ಹೊಸಕೋಟೆಯ ಬಳಿ ವೋಲ್ವೊ ಲಾರಿಗಳ ಕಾರ್ಖಾನೆ ತೆರೆಯಿತು. ಅಲ್ಲಿಯೂ ಮೊದಲಿಗೆ ಬಂದದ್ದು ಪೆಟ್ಟಿಗೆಯಲ್ಲಿಟ್ಟ ಬಿಡಿಭಾಗಗಳೇ. ಆಗ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿದ್ದ ಬಿಡದಿಯಲ್ಲಿ 1999ರ ಕೊನೆಗೆ ಟೊಯೊಟಾ ಕಾರುಗಳ ತಯಾರಿಕೆ ಶುರುವಾಯಿತು. 2001ರಲ್ಲಿ ಬೆಂಗಳೂರಿನದೇ ಆದ ರೇವಾ ವಿದ್ಯುತ್ ಕಾರು ರಸ್ತೆಗಿಳಿಯಿತು.

ದೇವನಹಳ್ಳಿಯ ಆರ್‌ಟಿಒ ಕಚೇರಿಯಲ್ಲಿ ನೋಂದಣಿಯಾಗುವ ಹೊಸ ಕಾರುಗಳು ಕೆಎ 43 ಎಂಬ ಫಲಕ ಹೊತ್ತು ಹೊರಡುತ್ತವೆ. ಅವುಗಳಲ್ಲಿ ಕೆಲವಾದರೂ ಭಾನುವಾರ ಬೆಳಗ್ಗೆ ನಂದಿಯ ದಾರಿ ಹಿಡಿಯುತ್ತವೆ. ಮುದ್ದೇನಹಳ್ಳಿಯ ಮನೆಯ ಮುಂದೆ ಅವು ನಿಂತಾಗ, ಎಂಬತ್ತು ವರ್ಷಗಳ ಹಿಂದೆ ಆ ಮನೆಯ ಮಗ ಕೇಳಿ ಪಡೆಯಲಾಗದ ಒಪ್ಪಿಗೆ ಅವುಗಳ ಫಲಕದ ಮೇಲಿರುತ್ತದೆ.