ಬ್ಯಾಕ್ಟೀರಿಯಾಭಕ್ಷಕವನ್ನು ಕಂಡ ಫೆಲಿಕ್ಸ್ ದೆರೆಲ್

ವೈರಸ್‌ಗೆ ಬಾಯಿಲ್ಲ, ಹೊಟ್ಟೆಯಿಲ್ಲ. ತಾನಾಗಿ ಬೆಳೆಯುವ ಶಕ್ತಿಯೂ ಇಲ್ಲ. ಹಾಗಿದ್ದೂ ಒಂದು ನೂರಾಗುವುದು ಹೇಗೆ? ಈ ಪ್ರಶ್ನೆಗಾಗಿ ಬಾಳು ಸವೆಸಿದವರಲ್ಲಿ ಫೆಲಿಕ್ಸ್ ದೆರೆಲ್ ಮೊದಲಿಗರು.

1873ರಲ್ಲಿ ಪ್ಯಾರಿಸ್‌ನಲ್ಲಿ ಜನಿಸಿದ ಅವರಿಗೆ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಸೂಕ್ಷ್ಮಜೀವಿಶಾಸ್ತ್ರವನ್ನು ಬಹುಮಟ್ಟಿಗೆ ಸ್ವಂತ ಓದಿನಿಂದಲೇ ಕಲಿತರು. ಗ್ವಾಟೆಮಾಲಾ, ಮೆಕ್ಸಿಕೋಗಳಲ್ಲಿ ದುಡಿದು ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಗೆ ಬಂದರು. ಮೊದಲನೆಯ ಮಹಾಯುದ್ಧದ ಕಾಲ. ಫ್ರೆಂಚ್ ಸೈನಿಕರಲ್ಲಿ ರಕ್ತಭೇದಿ ಹಬ್ಬಿತ್ತು. ರೋಗಿಗಳ ಮಲವನ್ನು ಬ್ಯಾಕ್ಟೀರಿಯಾ ಕೂಡ ನುಸುಳಲಾಗದ ಪಿಂಗಾಣಿ ಫಿಲ್ಟರಿನಲ್ಲಿ ಸೋಸಿ, ಆ ದ್ರವವನ್ನು ರಕ್ತಭೇದಿಯ ಬ್ಯಾಕ್ಟೀರಿಯಾ ಬೆಳೆದಿದ್ದ ನಳಿಕೆಗೆ ಬೆರೆಸಿದರು. ಮಬ್ಬಾಗಿದ್ದ ನಳಿಕೆ ತಿಳಿಯಾಯಿತು. ಅದರ ಒಂದು ಹನಿ ಮತ್ತೊಂದು ನಳಿಕೆಯನ್ನೂ, ಅದರ ಹನಿ ಮಗದೊಂದನ್ನೂ ತಿಳಿಯಾಗಿಸುತ್ತಿತ್ತು. ಬರೀ ವಿಷವಾಗಿದ್ದರೆ ಪ್ರತಿ ಸಲವೂ ತೆಳುವಾಗಿ ಶಕ್ತಿಗುಂದಬೇಕಿತ್ತಲ್ಲವೇ? ಇದು ಗುಂದಲಿಲ್ಲ. ಅಂದಮೇಲೆ ಒಳಗೇನೋ ಹೆಚ್ಚುತ್ತಿದೆ! 1917ರಲ್ಲಿ ಅದಕ್ಕೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರಿಟ್ಟರು. ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್ ಎರಡು ವರ್ಷ ಮೊದಲೇ ಇಂಥದ್ದನ್ನು ಗಮನಿಸಿದ್ದರೆಂಬುದನ್ನೂ ಇಲ್ಲಿ ಹೇಳಬೇಕು.

ಫೇಜ್ ಬ್ಯಾಕ್ಟೀರಿಯಾಕ್ಕೆ ಅಂಟಿ, ಒಳಹೊಕ್ಕು, ಅಲ್ಲಿಯೇ ಹಲವಾಗಿ, ಕೋಶವನ್ನು ಒಡೆದು ಹೊರಬರುತ್ತದೆ ಎಂಬುದು ದೆರೆಲ್ ಅವರ ವಾದ. ನೊಬೆಲ್ ಪುರಸ್ಕೃತ ಜೂಲ್ ಬೋರ್ದೆ ಒಪ್ಪಲಿಲ್ಲ. ಅದು ಬ್ಯಾಕ್ಟೀರಿಯಾದಿಂದಲೇ ಹುಟ್ಟುವ ಕಿಣ್ವ ಎಂದರು. ಪದವಿಯಿಲ್ಲದವರ ಮಾತು ಅಂಥವರೆದುರು ನಿಲ್ಲುವುದು ಸುಲಭವೇ? ಆದರೆ ದೆರೆಲ್ ಅವರ ಕೈಯಲ್ಲಿ ಲೆಕ್ಕವಿತ್ತು. ಬ್ಯಾಕ್ಟೀರಿಯಾ ಹರಡಿದ ತಟ್ಟೆಗೆ ಫೇಜ್ ದ್ರವ ಸೇರಿಸಿದರೆ ಬಿಡಿಬಿಡಿ ದುಂಡು ಚುಕ್ಕೆಗಳು ತಿಳಿಯಾಗಿ ಮೂಡುತ್ತಿದ್ದವು. ದ್ರವವನ್ನು ಹತ್ತು ಪಟ್ಟು ತೆಳುವಾಗಿಸಿದರೆ ಚುಕ್ಕೆಗಳ ಸಂಖ್ಯೆಯೂ ಸುಮಾರು ಹತ್ತರಲ್ಲಿ ಒಂದಕ್ಕೆ ಇಳಿಯುತ್ತಿತ್ತು. ಒಂದೊಂದು ಚುಕ್ಕೆಯೂ ಒಂದೊಂದು ಕಣದ ಸಂತಾನ. ಈ ಎಣಿಕೆಯ ವಿಧಾನವನ್ನು ಪ್ರಯೋಗಾಲಯಗಳು ಇಂದಿಗೂ ಬಳಸುತ್ತವೆ.

1920ರ ದಶಕದಲ್ಲಿ ಕಾಲರಾಕ್ಕೆ ಫೇಜ್ ಮದ್ದನ್ನು ಪರೀಕ್ಷಿಸಲು ಭಾರತಕ್ಕೂ ಬಂದಿದ್ದರು. ಆಮೇಲೆ ಅಮೆರಿಕದ ಯೇಲ್, ಸೋವಿಯತ್ ಜಾರ್ಜಿಯಾದ ಟಿಬಿಲಿಸಿ. ಅಲ್ಲಿನ ಗೆಳೆಯ, ವಿಜ್ಞಾನಿ ಎಲಿಯಾವಾ 1937ರಲ್ಲಿ ಸ್ಟಾಲಿನ್ ಆಡಳಿತದ ಗುಂಡಿಗೆ ಬಲಿಯಾದರು. ನೊಬೆಲ್ ಪ್ರಶಸ್ತಿಗೆ ದೆರೆಲ್ ಅವರ ಹೆಸರು ಹಲವು ಬಾರಿ ಸೂಚಿತವಾದರೂ ದಕ್ಕಲಿಲ್ಲ. 1940ರ ಸುಮಾರಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಫೇಜ್ ಕಣಗಳನ್ನೇ ತೋರಿಸಿಕೊಟ್ಟಿತು. ಅವರು ಅದನ್ನು ಕಾಣುವಷ್ಟು ಬದುಕಿದ್ದರು. 1949ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.

ಮೂರು ವರ್ಷದ ಬಳಿಕ ಹರ್ಷೆ ಮತ್ತು ಚೇಸ್ ಅವರ ಪ್ರಯೋಗ ಬಂತು. ಫೇಜ್‌ನ ಪ್ರೋಟೀನ್ ಕವಚ ಬಹುಪಾಲು ಹೊರಗೇ ಉಳಿದು, ಡಿಎನ್‌ಎ ಒಳಗೆ ಹೋಗುತ್ತದೆ. ಬ್ಯಾಕ್ಟೀರಿಯಾದ ರೈಬೋಸೋಮುಗಳೇ ಆ ಡಿಎನ್‌ಎ ಹೇಳಿದಂತೆ ಹೊಸ ಕವಚಗಳ ಪ್ರೋಟೀನನ್ನು ತಯಾರಿಸುತ್ತವೆ. ಡಿಎನ್‌ಎಯ ಪ್ರತಿಗಳು ಅವುಗಳೊಳಗೆ ತುಂಬಿಕೊಳ್ಳುತ್ತವೆ. ಸುಮಾರು ಅರ್ಧ ಗಂಟೆಯಲ್ಲಿ ಕೋಶ ಒಡೆಯುತ್ತದೆ, ಹತ್ತಾರು ಮರಿಫೇಜ್‌ಗಳು ಪಕ್ಕದ ಬ್ಯಾಕ್ಟೀರಿಯಾವನ್ನು ಹುಡುಕುತ್ತವೆ.