ಬಾಹ್ಯಾಕಾಶದ ಕಣಮಳೆಯನ್ನು ಅಳೆದ ಪಿಯರ್ ಓಜೆ

ಅರ್ಜೆಂಟೀನಾದ ಮಲಾರ್ಗ್ವೆ ಬಯಲಿನಲ್ಲಿ 3,000 ಚದರ ಕಿಲೋಮೀಟರ್ ವಿಸ್ತಾರದಲ್ಲಿ ಹರಡಿರುವ ವೀಕ್ಷಣಾಲಯಕ್ಕೆ ಫ್ರಾನ್ಸಿನ ಭೌತವಿಜ್ಞಾನಿ ಪಿಯರ್ ಓಜೆ ಅವರ ಹೆಸರಿದೆ. 1938ರಲ್ಲಿ ಅವರು ನಡೆಸಿದ ಪ್ರಯೋಗವೇ ಈ ಗೌರವಕ್ಕೆ ಕಾರಣ. ಆ ಪ್ರಯೋಗ ಎತ್ತಿದ ಪ್ರಶ್ನೆಗೆ ಉತ್ತರ ದೊರೆಯತೊಡಗಿದ್ದು ಮಾತ್ರ ಅವರ ಕಾಲಾನಂತರ.

ಓಜೆ ಜನಿಸಿದ್ದು 1899ರ ಮೇ 14ರಂದು, ಪ್ಯಾರಿಸ್‌ನಲ್ಲಿ. ಪರಮಾಣುವಿನಿಂದ ಎಲೆಕ್ಟ್ರಾನ್ ಹೊಮ್ಮುವ ಒಂದು ಬಗೆಯನ್ನು 1920ರ ದಶಕದಲ್ಲಿ ಗುರುತಿಸಿದರು. ಲೀಸ್ ಮೈಟ್ನರ್ ಅದನ್ನು ಸ್ವತಂತ್ರವಾಗಿ ಮೊದಲೇ ಕಂಡಿದ್ದರೂ ಅದಕ್ಕೆ ಓಜೆ ಪರಿಣಾಮ ಎಂಬ ಹೆಸರೇ ಉಳಿಯಿತು.

ಬಾಹ್ಯಾಕಾಶದಿಂದ ವಿಕಿರಣ ಬರುತ್ತಿದೆಯೆಂದು ವಿಕ್ಟರ್ ಹೆಸ್ 1912ರಲ್ಲೇ ತೋರಿಸಿದ್ದರು. ಈ ವಿಶ್ವಕಿರಣಗಳ ಅಧ್ಯಯನಕ್ಕಿಳಿದ ಓಜೆ ಮತ್ತು ಸಂಗಡಿಗರು, ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್ಯೋಖ್ ಶಿಖರಪ್ರದೇಶದಲ್ಲಿ ಕಣ ಎಣಿಸುವ ಉಪಕರಣಗಳನ್ನು ದೂರ ದೂರ ಇರಿಸಿದರು. 300 ಮೀಟರ್ ಅಂತರದಲ್ಲಿದ್ದಾಗಲೂ ಅವು ಏಕಕಾಲಕ್ಕೆ ಮಿಡಿದವು. ಆಗಸದಿಂದ ಬಂದ ಒಂದೇ ಕಣ ವಾಯುಮಂಡಲಕ್ಕೆ ಅಪ್ಪಳಿಸಿ ಅಸಂಖ್ಯ ಕಣಗಳ ಮಳೆಯಾಗಿ ಸುರಿಯುತ್ತದೆ ಎಂಬುದು ಇದರಿಂದ ಖಚಿತವಾಯಿತು. ಮೂಲ ಕಣದ ಶಕ್ತಿ ಹತ್ತು ಕೋಟಿ ಕೋಟಿ ಎಲೆಕ್ಟ್ರಾನ್ ವೋಲ್ಟ್ ಎಂದು ಓಜೆ ಅಂದಾಜಿಸಿದರು. ರೇಡಿಯಂ ಹೊರಸೂಸುವ ಕಣಗಳ ಶಕ್ತಿಗೆ ಹೋಲಿಸಿದರೆ ಇದು ಕೋಟಿಗೂ ಹೆಚ್ಚು ಪಟ್ಟು. ಇಷ್ಟೊಂದು ಶಕ್ತಿ ಎಲ್ಲಿಂದ ಬಂತು ಎಂಬುದೇ ಪ್ರಶ್ನೆಯಾಯಿತು.

ಅಷ್ಟರಲ್ಲಿ ಯುದ್ಧ ಬಂತು. ಫ್ರಾನ್ಸ್ ಜರ್ಮನಿಯ ವಶವಾದ ಬಳಿಕ ಓಜೆ ದೇಶ ತೊರೆದು ಅಮೆರಿಕ, ಕೆನಡಾಗಳಲ್ಲಿ ದುಡಿದರು. ಮರಳಿದ ಮೇಲೆ ಪ್ರಯೋಗಶಾಲೆಗಿಂತ ಸಂಸ್ಥೆ ಕಟ್ಟುವ ಕೆಲಸವೇ ಅವರ ಪಾಲಿಗೆ ಹೆಚ್ಚಾಯಿತು. 1948ರಿಂದ 1959ರವರೆಗೆ ಯುನೆಸ್ಕೊ ವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ, 1954ರಲ್ಲಿ ಅಸ್ತಿತ್ವಕ್ಕೆ ಬಂದ ಸರ್ನ್ ಸಂಸ್ಥೆಯ ಸ್ಥಾಪನೆಗೆ ಶ್ರಮಿಸಿದರು. ಯುರೋಪಿನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಪ್ರಥಮ ಮಹಾನಿರ್ದೇಶಕರೂ ಅವರೇ. ಬಿಜು ಪಟ್ನಾಯಕ್ ಅವರ ದತ್ತಿಯಿಂದ ಆರಂಭವಾದ ಯುನೆಸ್ಕೊ ಕಳಿಂಗ ಪ್ರಶಸ್ತಿ 1971ರಲ್ಲಿ ಅವರಿಗೆ ಸಂದಿತು.

ಈ ನಡುವೆ ಅವರ ಪ್ರಶ್ನೆ ಮತ್ತಷ್ಟು ಜಟಿಲವಾಗಿತ್ತು. ಓಜೆ ಅಂದಾಜಿಗಿಂತ ಲಕ್ಷ ಪಟ್ಟು ಶಕ್ತಿಯ ಕಣವನ್ನು ಅಮೆರಿಕದ ಜಾನ್ ಲಿನ್ಸ್ಲಿ 1962ರಲ್ಲಿ ದಾಖಲಿಸಿದರು. ಅಂಥ ಕಣವನ್ನು ನಮ್ಮ ಕ್ಷೀರಪಥದ ಕಾಂತಕ್ಷೇತ್ರ ಹಿಡಿದಿಡಲಾರದು.

ಓಜೆ 1993ರ ಡಿಸೆಂಬರ್‌ನಲ್ಲಿ ನಿಧನರಾದರು. ಅವರ ಹೆಸರಿನ ವೀಕ್ಷಣಾಲಯ ಸುಮಾರು 1,600 ನೀರಿನ ತೊಟ್ಟಿಗಳನ್ನು ಬಳಸಿ, ಅವರು ಕಂಡ ಕಣಮಳೆಯನ್ನೇ ಅಳೆಯುತ್ತಿದೆ. 30 ಸಾವಿರಕ್ಕೂ ಹೆಚ್ಚು ಅತಿಶಕ್ತ ಕಣಗಳ ದಿಕ್ಕನ್ನು ಪರಿಶೀಲಿಸಿ, ಅವು ಕ್ಷೀರಪಥದ ಆಚೆಯಿಂದಲೇ ಬರುತ್ತವೆ ಎಂಬ ಬಲವಾದ ಪುರಾವೆಯನ್ನು 2017ರಲ್ಲಿ ಮುಂದಿಟ್ಟಿತು. ಕಣಗಳು ಹೆಚ್ಚಾಗಿ ಬರುವ ದಿಕ್ಕು ಕ್ಷೀರಪಥದ ಕೇಂದ್ರದಿಂದ ಸುಮಾರು 125 ಡಿಗ್ರಿ ದೂರದಲ್ಲಿತ್ತು. ಅವುಗಳ ತವರು ಯಾವ ಗೆಲಾಕ್ಸಿ ಎಂಬ ಹುಡುಕಾಟ ಮುಂದುವರಿದಿದೆ.